ಅಹಂಕಾರ ಮತ್ತು ವಿನಯ: ಕರಾವಳಿಯ ಕ್ರೈಸ್ತ ಇತಿಹಾಸದಿಂದ ಕಲಿಯಬಹುದಾದ ಪಾಠ

ಕ್ರಿ.ಶ. 1541ರ ಏಪ್ರಿಲ್ ತಿಂಗಳಲ್ಲಿ ಪೋರ್ಚುಗಲ್ ದೇಶದ ಲಿಸ್ಬನ್ ಬಂದರಿನಿಂದ ಹೊರಟ ನೌಕಾಪಡೆಯಲ್ಲಿ ಇಬ್ಬರು ಪ್ರಸಿದ್ಧ ಪುರುಷರಿದ್ದರು. ಒಬ್ಬನು ಪೋರ್ಚುಗೀಸರ ಭಾರತೀಯ ವಸಾಹತುಗಳಿಗೆ ರಾಜ್ಯಪಾಲನಾಗಿ ನೇಮಕಗೊಂಡ ಮಾರ್ತಿಂ ಅಫೋನ್ಸೊ ದ ಸೋಜ. ಇನ್ನೊಬ್ಬರು ಪೋಪರ ಪ್ರತಿನಿಧಿಯೆಂಬ ಅಧಿಕಾರಪತ್ರವನ್ನು ಹೊಂದಿದ್ದ ಪಾದ್ರಿ ಫ್ರಾನ್ಸಿಸ್ ಕ್ಸೇವಿಯರ್. ಮರುವರ್ಷ ಮೇ 6ರಂದು ಇಬ್ಬರೂ ಗೋವೆಯಲ್ಲಿ ಇಳಿದರು. ಕ್ಸೇವಿಯರರು ತಮ್ಮ ಪದವಿಗೆ ತಕ್ಕ ವಸತಿಯನ್ನು ಬಯಸದೆ ಬಡರೋಗಿಗಳ ಆಸ್ಪತ್ರೆಯಲ್ಲಿ ಬಿಡಾರ ಮಾಡಿದರು. ರಾಜ್ಯಪಾಲನಾದರೋ ಅದೇ ವರ್ಷ ನೌಕಾಪಡೆಯೊಡನೆ ಭಟ್ಕಳಕ್ಕೆ ಬಂದು ಪಟ್ಟಣವನ್ನು ಸುಟ್ಟನು.

ಒಂದೇ ನೌಕಾಪಡೆ, ಒಂದೇ ಧರ್ಮ, ಒಂದೇ ಪ್ರಾರ್ಥನೆ. ನಡತೆ ಮಾತ್ರ ಎರಡು. ಕ್ರೈಸ್ತ ಧರ್ಮವು ಪಾಪಗಳಲ್ಲೆಲ್ಲ ಹಿರಿಯ ಪಾಪವೆಂದು ಎಣಿಸುವುದು ಅಹಂಕಾರವನ್ನು. ಆದರೆ ಆ ಧರ್ಮವು ನಮ್ಮ ಕರಾವಳಿಗೆ ಬಂದುದು ಅಹಂಕಾರವೇ ಹಾಯಿಯಾಗಿದ್ದ ಹಡಗುಗಳಲ್ಲಿ. ಇದು ಕೇವಲ ಪರಮತದ ದೋಷವನ್ನು ಎತ್ತಿ ತೋರಿಸುವ ಮಾತಲ್ಲ. ಉತ್ತಮವಾದ ಉಪದೇಶವು ಅಧಿಕಾರದೊಡನೆ ಕೂಡಿದಾಗ ಏನಾಗುತ್ತದೆ, ಅಂಥ ಸನ್ನಿವೇಶದಲ್ಲಿಯೂ ವಿನಯವನ್ನು ಉಳಿಸಿಕೊಂಡವರು ಏನನ್ನು ಸಾಧಿಸಿದರು ಎಂಬುದನ್ನು ಭಟ್ಕಳ, ಹೊನ್ನಾವರ, ಕುಮಟಾ ಪ್ರದೇಶದ ಇತಿಹಾಸವು ಸ್ಪಷ್ಟವಾಗಿ ತೋರಿಸುತ್ತದೆ. ದೇವಾಲಯ, ಮಠ, ಟ್ರಸ್ಟುಗಳನ್ನು ನಡೆಸುವ ಎಲ್ಲರಿಗೂ ಇದು ಉಪಯುಕ್ತವಾದ ಅಧ್ಯಯನ.

ಕ್ರೈಸ್ತ ಧರ್ಮದಲ್ಲಿ ಅಹಂಕಾರದ ಸ್ಥಾನ

ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿ ತಪಸ್ಸು ಮಾಡುತ್ತಿದ್ದ ಇವಾಗ್ರಿಯಸ್ ಎಂಬ ಸಂನ್ಯಾಸಿಯು ಮನಸ್ಸನ್ನು ಕೆಡಿಸುವ ಎಂಟು ದುಶ್ಚಿಂತನೆಗಳನ್ನು ಪಟ್ಟಿ ಮಾಡಿದನು. ಹೊಟ್ಟೆಬಾಕತನದಿಂದ ಪ್ರಾರಂಭವಾಗುವ ಆ ಪಟ್ಟಿಯ ಕೊನೆಯಲ್ಲಿರುವುದು ಅಹಂಕಾರ. ಕೊನೆಯಲ್ಲಿ ಇರಿಸಿದ್ದಕ್ಕೆ ಕಾರಣವಿದೆ. ಉಳಿದ ದುರ್ಗುಣಗಳನ್ನು ಗೆದ್ದವನನ್ನೇ ಅದು ಹುಡುಕಿಕೊಂಡು ಬರುತ್ತದೆ. ಕ್ರಿ.ಶ. 590ರಿಂದ 604ರವರೆಗೆ ಪೋಪರಾಗಿದ್ದ ಗ್ರೆಗೊರಿಯವರು ಆ ಪಟ್ಟಿಯನ್ನು ಏಳು ಪಾಪಗಳನ್ನಾಗಿ ಪರಿಷ್ಕರಿಸಿದರು. ಅಹಂಕಾರವನ್ನು ಅವರು ಏಳರಲ್ಲಿ ಒಂದೆಂದು ಎಣಿಸದೆ, ಏಳಕ್ಕೂ ತಾಯಿಬೇರೆಂದು ಪ್ರತ್ಯೇಕವಾಗಿ ಇರಿಸಿದರು. ತಮ್ಮನ್ನು ದೇವರ ಸೇವಕರ ಸೇವಕನೆಂದು ಕರೆದುಕೊಂಡವರೂ ಇವರೇ. ಪೋಪರು ಇಂದಿಗೂ ಆ ಬಿರುದನ್ನು ಬಳಸುತ್ತಾರೆ.

ಅವರಿಗಿಂತ ಹಿಂದಿನವರಾದ ಸಂತ ಅಗಸ್ಟೀನರು ಮನುಷ್ಯನ ಪತನದ ಪ್ರಾರಂಭವೇ ಅಹಂಕಾರವೆಂದು ವಿವರಿಸಿದರು. ದೇವದೂತನಾಗಿದ್ದ ಸೈತಾನನು ಬಿದ್ದುದು ಕಾಮದಿಂದಲೂ ಅಲ್ಲ, ಧನಲೋಭದಿಂದಲೂ ಅಲ್ಲ. ತಾನೇ ಮೇಲು ಎಂಬ ಭಾವನೆಯಿಂದ. ಆರನೆಯ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟರು ತಮ್ಮ ಮಠವಾಸಿಗಳಿಗೆ ಬರೆದ ನಿಯಮಾವಳಿಯಲ್ಲಿ ವಿನಯಕ್ಕೆ 12 ಮೆಟ್ಟಿಲುಗಳನ್ನು ಹೇಳಿದ್ದಾರೆ. ಯುರೋಪಿನ ಭಾಷೆಗಳಲ್ಲಿ ವಿನಯವನ್ನು ಸೂಚಿಸುವ ಲ್ಯಾಟಿನ್ ಮೂಲದ ಪದಕ್ಕೂ ಮಣ್ಣನ್ನು ಸೂಚಿಸುವ ಪದಕ್ಕೂ ಮೂಲ ಒಂದೇ ಎಂಬುದು ಗಮನಾರ್ಹ. ನೆಲಕ್ಕೆ ಹತ್ತಿರವಾಗಿರುವವನು ವಿನಯಿ.

ಲೂಕನು ಬರೆದ ಸುವಾರ್ತೆಯಲ್ಲಿ ಯೇಸುಕ್ರಿಸ್ತನು ಹೇಳಿದ ಒಂದು ಸಾಮತಿಯಿದೆ. ಇಬ್ಬರು ದೇವಾಲಯಕ್ಕೆ ಪ್ರಾರ್ಥನೆಗೆ ಹೋದರು. ಒಬ್ಬನು ಶಾಸ್ತ್ರನಿಷ್ಠನಾದ ಫರಿಸಾಯ, ಇನ್ನೊಬ್ಬನು ಸುಂಕದವನು. ಫರಿಸಾಯನು ತನ್ನ ಉಪವಾಸವನ್ನೂ ದಾನವನ್ನೂ ದೇವರೆದುರು ಲೆಕ್ಕ ಒಪ್ಪಿಸಿ, ತಾನು ಆ ಸುಂಕದವನಂತಲ್ಲವೆಂದು ಸಮಾಧಾನಪಟ್ಟುಕೊಂಡನು. ಸುಂಕದವನು ದೂರದಲ್ಲಿ ನಿಂತು, ತಲೆ ಎತ್ತಲಾರದೆ, ಕರುಣೆಯನ್ನು ಮಾತ್ರ ಬೇಡಿದನು. ಶುದ್ಧನಾಗಿ ಮನೆಗೆ ಮರಳಿದವನು ಸುಂಕದವನೇ ಎಂಬುದು ಕಥೆಯ ತಾತ್ಪರ್ಯ. ಇಲ್ಲಿ ಸೂಕ್ಷ್ಮವಾಗಿ ನೋಡಬೇಕಾದ ಸಂಗತಿಯೆಂದರೆ, ಫರಿಸಾಯನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅವನು ಉಪವಾಸ ಮಾಡಿದ್ದು ನಿಜ, ದಾನ ಕೊಟ್ಟದ್ದು ನಿಜ. ಜಮೆಯ ಪುಟದಲ್ಲಿ ಬರೆದುದೆಲ್ಲ ಸರಿಯಾಗಿಯೇ ಇತ್ತು. ಆದರೆ ಪಕ್ಕದವನ ಖಾತೆಯನ್ನು ತೆರೆದು ತನ್ನ ಖಾತೆಯೊಡನೆ ತಾಳೆ ನೋಡಿದ್ದೇ ದೋಷ.

ಯೇಸುವು ತನ್ನ ಮರಣದ ಹಿಂದಿನ ರಾತ್ರಿ ಸೊಂಟಕ್ಕೆ ಬಟ್ಟೆ ಸುತ್ತಿಕೊಂಡು ಶಿಷ್ಯರ ಕಾಲುಗಳನ್ನು ತೊಳೆದ ಪ್ರಸಂಗ ಯೋಹಾನನ ಸುವಾರ್ತೆಯಲ್ಲಿದೆ. ಕಾಲು ತೊಳೆಯುವುದು ಆ ಕಾಲದಲ್ಲಿ ಆಳುಗಳ ಕೆಲಸ. ಈ ಘಟನೆಯ ನೆನಪಿಗಾಗಿ ಪ್ರತಿವರ್ಷ ಶುಭ ಶುಕ್ರವಾರದ ಹಿಂದಿನ ದಿನ ಕೆಥೊಲಿಕ್ ಚರ್ಚುಗಳಲ್ಲಿ ಪಾದ್ರಿಗಳು ಭಕ್ತರ ಕಾಲು ತೊಳೆಯುತ್ತಾರೆ. ಬಹುಕಾಲ ಗಂಡಸರಿಗೆ ಮಾತ್ರ ಮೀಸಲಾಗಿದ್ದ ಈ ವಿಧಿಯಲ್ಲಿ 2016ರಿಂದ ಸ್ತ್ರೀಯರನ್ನೂ ಸೇರಿಸಲು ಅನುಮತಿ ದೊರೆತಿದೆ.

ಜೈನ ಓದುಗರಿಗೆ ಇವೆಲ್ಲ ಅಪರಿಚಿತ ವಿಚಾರಗಳೆನಿಸಲಾರವು. ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯಗಳಲ್ಲಿ ಮಾನವು ಎರಡನೆಯದು. ದಶಧರ್ಮಗಳಲ್ಲಿ ಉತ್ತಮ ಮಾರ್ದವವೂ ಎರಡನೆಯದು. ಆದರೆ ಎರಡು ಧರ್ಮಗಳ ತಳಹದಿಯಲ್ಲಿ ಮುಖ್ಯವಾದ ಭೇದವಿದೆ. ಕ್ರೈಸ್ತನು ಸೃಷ್ಟಿಕರ್ತನ ಮುಂದೆ ಸೃಷ್ಟಿಯಾದವನು ಬಾಗಬೇಕೆಂದು ವಿನಯವನ್ನು ಸಾಧಿಸುತ್ತಾನೆ. ಸೃಷ್ಟಿಕರ್ತನನ್ನು ಒಪ್ಪದ ಜೈನನು ಮಾನವು ಆತ್ಮಕ್ಕೆ ಕರ್ಮವನ್ನು ಅಂಟಿಸುತ್ತದೆ ಎಂಬ ಕಾರಣಕ್ಕೆ ಅದನ್ನು ತ್ಯಜಿಸುತ್ತಾನೆ. ಕಾರಣಗಳು ಬೇರೆ, ಬಿಡಬೇಕಾದ ವಸ್ತು ಒಂದೇ.

ಹಡಗಿನಲ್ಲಿ ಬಂದ ಅಹಂಕಾರ

ವಾಸ್ಕೊ ದ ಗಾಮನು ಭಾರತದ ಜಲಮಾರ್ಗವನ್ನು ಕಂಡುಹಿಡಿದು ಹಿಂದಿರುಗಿದ ಮೇಲೆ ಪೋರ್ಚುಗಲ್ಲಿನ ದೊರೆ ಮಾನುಯೆಲನು ತನ್ನ ಹೆಸರಿಗೆ ಹೊಸ ಬಿರುದನ್ನು ಸೇರಿಸಿಕೊಂಡನು. ಇಥಿಯೋಪಿಯಾ, ಅರೇಬಿಯಾ, ಪರ್ಷಿಯಾ, ಭಾರತ ದೇಶಗಳ ವಿಜಯಕ್ಕೂ ನೌಕಾಯಾನಕ್ಕೂ ವ್ಯಾಪಾರಕ್ಕೂ ತಾನೇ ಒಡೆಯ ಎಂಬುದು ಅದರ ಅರ್ಥ. ಆ ವೇಳೆಗೆ ಭಾರತದಲ್ಲಿ ಅವನಿಗೆ ಒಂದು ಅಂಗೈ ಅಗಲದ ನೆಲವೂ ಇರಲಿಲ್ಲ. ಸಮುದ್ರಕ್ಕೆ ಒಡೆಯನುಂಟು, ವ್ಯಾಪಾರಕ್ಕೆ ಒಡೆಯನುಂಟು ಎಂಬ ಮಾತನ್ನು ಅರಬ್ಬೀ ಸಮುದ್ರದ ವರ್ತಕರು ಅದುವರೆಗೆ ಕೇಳಿರಲಿಲ್ಲ. ಅರಬರು, ಗುಜರಾತಿಗಳು, ನವಾಯತರು, ಕೊಂಕಣಿಗಳು, ಜೈನರು ಸುಂಕವನ್ನು ತೆತ್ತು ಯಾವ ಬಂದರಿನಲ್ಲಾದರೂ ಸರಕನ್ನು ಇಳಿಸುವುದು, ಏರಿಸುವುದು ರೂಢಿಯಾಗಿತ್ತು. ಪೋರ್ಚುಗೀಸರು ಬಂದ ಮೇಲೆ ಕರ್ತಾಸ್ ಎಂಬ ರಹದಾರಿ ಚೀಟಿಯಿಲ್ಲದ ಹಡಗನ್ನು ಹಿಡಿಯುವುದು ಅವರ ಕಾನೂನಾಯಿತು.

ಅಂದಿನ ಭಟ್ಕಳವು ಈ ಕರಾವಳಿಯ ಪ್ರಮುಖ ಬಂದರುಗಳಲ್ಲಿ ಒಂದು. ಅಕ್ಕಿ, ಸಕ್ಕರೆ, ಕಬ್ಬಿಣಗಳು ಇಲ್ಲಿಂದ ಹೊರಗೆ ಹೋಗುತ್ತಿದ್ದವು. ವಿಜಯನಗರದ ಸೈನ್ಯಕ್ಕೆ ಬೇಕಾದ ಕುದುರೆಗಳು ಇಲ್ಲಿ ಇಳಿಯುತ್ತಿದ್ದವು. ಇದು ಹಾಡುವಳ್ಳಿ ಮತ್ತು ಗೇರುಸೊಪ್ಪೆಯ ಜೈನ ಅರಸುಮನೆತನಗಳ ಆಳ್ವಿಕೆಗೆ ಒಳಪಟ್ಟಿತ್ತು. 1502ರಲ್ಲಿ ತನ್ನ ಎರಡನೆಯ ಯಾತ್ರೆಯಲ್ಲಿ ಬಂದ ಗಾಮನು ಭಟ್ಕಳದ ಅರಸನಿಂದ ಅಕ್ಕಿಯ ಕಪ್ಪಕ್ಕೆ ಒಪ್ಪಿಗೆ ಪಡೆದನು. 1505ರಲ್ಲಿ ಮೊದಲ ವೈಸರಾಯ್ ಆಗಿ ಬಂದ ಫ್ರಾನ್ಸಿಸ್ಕೊ ದ ಅಲ್ಮೇಡನು ಹೊನ್ನಾವರದಲ್ಲಿ ಹಡಗುಗಳನ್ನು ಸುಟ್ಟನು. 1542ರಲ್ಲಿ, ಕಪ್ಪವು ನಿಂತಿತೆಂಬ ಕಾರಣಕ್ಕೆ, ಮಾರ್ತಿಂ ಅಫೋನ್ಸೊ ದ ಸೋಜನು ಭಟ್ಕಳದ ರಾಣಿಯ ಮೇಲೆ ದಂಡೆತ್ತಿ ಬಂದನು. ಪಟ್ಟಣವನ್ನು ಹಿಡಿದ ಸೈನಿಕರು ಸುಲಿಗೆಯ ಹಂಚಿಕೆಗಾಗಿ ತಮ್ಮತಮ್ಮಲ್ಲೇ ಬಡಿದಾಡಿಕೊಂಡರು. ಅದನ್ನು ಕಂಡ ಊರಿನವರು ತಿರುಗಿಬಿದ್ದು ಅವರನ್ನು ದೋಣಿಗಳವರೆಗೆ ಅಟ್ಟಿದರು. ಅವಮಾನಿತನಾದ ರಾಜ್ಯಪಾಲನು ಮತ್ತೆ ಬಂದು ಪಟ್ಟಣವನ್ನೂ ಸುತ್ತಲ ತೋಟಗಳನ್ನೂ ಹಾಳುಮಾಡಿದನು. ಎರಡನೆಯ ಸಲದ ಈ ನಾಶಕ್ಕೆ ಕಪ್ಪಕ್ಕಿಂತ ಹೆಚ್ಚಾಗಿ ಮಾನಭಂಗದ ಕುದಿತವೇ ಕಾರಣವಾಗಿತ್ತು.

ಈ ಎಲ್ಲ ಕಾರ್ಯಗಳು ಶಿಲುಬೆಯ ಚಿಹ್ನೆಯುಳ್ಳ ಹಾಯಿಗಳ ನೆರಳಿನಲ್ಲಿ ನಡೆದವು. ದಂಡಿನೊಡನೆ ಪಾದ್ರಿಗಳಿದ್ದರು, ಪ್ರಾರ್ಥನೆಗಳಿದ್ದವು. ಅಹಂಕಾರವು ಧರ್ಮದ ಉಡುಪನ್ನು ತೊಟ್ಟಾಗ ತನ್ನನ್ನು ತಾನು ಗುರುತಿಸಿಕೊಳ್ಳಲಾರದು. ಅದು ತನ್ನ ಜಯವನ್ನು ದೇವರ ಜಯವೆಂದೂ ತನ್ನ ಅವಮಾನವನ್ನು ದೇವರ ಅವಮಾನವೆಂದೂ ಎಣಿಸತೊಡಗುತ್ತದೆ.

ಕ್ಸೇವಿಯರರ ನಿದರ್ಶನವು ಇನ್ನಷ್ಟು ವಿಚಾರಕ್ಕೆ ಎಡೆಗೊಡುತ್ತದೆ. ಹಡಗಿನ ಪ್ರಯಾಣದಲ್ಲಿ ಪದವಿಗೆ ತಕ್ಕಂತೆ ಸೇವಕನೊಬ್ಬನನ್ನು ಇಟ್ಟುಕೊಳ್ಳಬೇಕೆಂಬ ಒತ್ತಾಯವನ್ನು ಅವರು ನಿರಾಕರಿಸಿ, ತಮ್ಮ ಬಟ್ಟೆಯನ್ನು ತಾವೇ ಒಗೆದುಕೊಂಡರು. ರೋಗಿಗಳ ಸೇವೆ ಮಾಡಿದರು. ಅವರ ವೈಯಕ್ತಿಕ ವಿನಯವನ್ನು ಯಾರೂ ಸಂಶಯಿಸಿಲ್ಲ. ಆದರೂ ಗೋವೆಯಲ್ಲಿ ಇಂಕ್ವಿಸಿಷನ್ ಎಂಬ ಧರ್ಮನ್ಯಾಯಾಲಯವನ್ನು ಸ್ಥಾಪಿಸಬೇಕೆಂದು 1546ರಲ್ಲಿ ಪೋರ್ಚುಗಲ್ಲಿನ ದೊರೆಗೆ ಬರೆದವರೂ ಅವರೇ. ಅವರ ಮರಣಾನಂತರ 1560ರಲ್ಲಿ ಅದು ಸ್ಥಾಪನೆಯಾಗಿ, ಅನೇಕ ಕುಟುಂಬಗಳನ್ನು ಸಂಕಟಕ್ಕೆ ಈಡುಮಾಡಿತು. ಊಟ, ಉಡುಪು, ವಸತಿಗಳಲ್ಲಿ ವಿನಯವನ್ನು ಸಾಧಿಸಿದ ಮಹನೀಯರಿಗೂ ತಮ್ಮ ಅಭಿಪ್ರಾಯದಲ್ಲಿ ವಿನಯವನ್ನು ಸಾಧಿಸುವುದು ಕಠಿಣವೆಂಬುದಕ್ಕೆ ಇದು ಸಾಕ್ಷಿ. ಪರರ ದೃಷ್ಟಿಯಲ್ಲಿಯೂ ಸತ್ಯಾಂಶವಿರಬಹುದೆಂಬ ಅನೇಕಾಂತದ ಭಾವನೆಯು ವಿನಯದ ಕೊನೆಯ ಮೆಟ್ಟಿಲು.

ಗೇರುಸೊಪ್ಪೆಯೂ ಹೊನ್ನಾವರದ ಕೋಟೆಯೂ

1569ರಲ್ಲಿ ವೈಸರಾಯ್ ಲೂಯಿಸ್ ದ ಅಟಾಯಿಡನು ಹೊನ್ನಾವರವನ್ನು ಗೆದ್ದು ಕೋಟೆಯಲ್ಲಿ ಪೋರ್ಚುಗೀಸ್ ಪಡೆಯನ್ನು ನಿಲ್ಲಿಸಿದನು. ಶರಾವತಿಯ ಮೇಲ್ಭಾಗದಲ್ಲಿ ಗೇರುಸೊಪ್ಪೆಯಿಂದ ಆಳುತ್ತಿದ್ದ ಜೈನ ರಾಣಿ ಚೆನ್ನಭೈರಾದೇವಿಯು ಮರುವರ್ಷ ಆ ಕೋಟೆಗೆ ಮುತ್ತಿಗೆ ಹಾಕಿದರೂ ಅದು ಕೈವಶವಾಗಲಿಲ್ಲ. ಪೋರ್ಚುಗೀಸರು ಕರಿಮೆಣಸಿನ ರಾಣಿಯೆಂದು ಕರೆದ ಈ ಮಹಿಳೆಯು ಸುಮಾರು ಅರ್ಧ ಶತಮಾನ ರಾಜ್ಯವಾಳಿದಳು. ಹದಿನೇಳನೆಯ ಶತಮಾನದ ಮೊದಲ ದಶಕದಲ್ಲಿ ಅವಳ ರಾಜ್ಯವು ಕೆಳದಿಯ ವೆಂಕಟಪ್ಪ ನಾಯಕನ ವಶವಾಯಿತು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆಯು ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆಗೆ ಬಂದಾಗ ಆ ರಾಜಧಾನಿಯು ಪಾಳುಬಿದ್ದು ಮರಗಿಡಗಳು ಬೆಳೆದಿದ್ದವು. ರೈತರ ಕೆಲವು ಗುಡಿಸಲುಗಳು ಮಾತ್ರ ಅವನ ಕಣ್ಣಿಗೆ ಬಿದ್ದವು. ಪೋರ್ಚುಗೀಸರ ಹೊನ್ನಾವರವೂ ಶಾಶ್ವತವಾಗಿ ಉಳಿಯಲಿಲ್ಲ. 1650ರ ದಶಕದ ಮೊದಲ ಭಾಗದಲ್ಲಿ ಶಿವಪ್ಪ ನಾಯಕನು ಅದನ್ನು ಗೆದ್ದುಕೊಂಡನು. ಒಂದು ಶತಮಾನದಲ್ಲಿ ಮೂರು ಅಧಿಕಾರಗಳು ಒಂದೇ ನದಿಯ ದಡದಲ್ಲಿ ಏರಿ ಇಳಿದವು. ಗೇರುಸೊಪ್ಪೆಯ ಅರಮನೆ ಕಾಡಾಯಿತು. ಚತುರ್ಮುಖ ಬಸದಿಯು ಉಳಿಯಿತು.

1678ರಲ್ಲಿ ಪೋರ್ಚುಗೀಸರು ಕೆಳದಿಯ ಅರಸುಮನೆತನದೊಡನೆ ಹೊಸ ಒಪ್ಪಂದ ಮಾಡಿಕೊಂಡರು. ಮಿರ್ಜಾನ, ಚಂದಾವರ, ಹೊನ್ನಾವರ, ಭಟ್ಕಳ, ಕಲ್ಯಾಣಪುರಗಳಲ್ಲಿ ಚರ್ಚು ಕಟ್ಟಿಕೊಳ್ಳಲು ಅದರಲ್ಲಿ ಅನುಮತಿ ದೊರೆಯಿತು. ಭಟ್ಕಳವನ್ನು ಸುಟ್ಟವರ ಸಂತತಿಯು ಅದೇ ಭಟ್ಕಳದಲ್ಲಿ ಪ್ರಾರ್ಥನಾಮಂದಿರಕ್ಕಾಗಿ ಕನ್ನಡದ ಅರಸರ ಮುಂದೆ ಅನುಮತಿ ಬೇಡಬೇಕಾಯಿತು. ಈ ಕರಾವಳಿಯ ಕ್ರೈಸ್ತ ಸಮಾಜವು ಬಾಳಿ ಬೆಳೆದುದು ಫಿರಂಗಿಯ ಬಲದಿಂದಲ್ಲ, ಅನ್ಯಮತದ ಅರಸರ ಔದಾರ್ಯದಿಂದ ಎಂಬುದನ್ನು ನೆನಪಿನಲ್ಲಿಡಬೇಕು.

ಚರ್ಚಿನ ಒಳಗಿನ ಜಗಳ

ಆದರೆ ಹೊರಗಿನ ಅಧಿಕಾರ ಕುಗ್ಗಿದ ಮಾತ್ರಕ್ಕೆ ಒಳಗಿನ ಅಹಂಕಾರ ಕುಗ್ಗಲಿಲ್ಲ. ಪೂರ್ವದೇಶಗಳಲ್ಲಿ ಬಿಷಪರನ್ನು ಸೂಚಿಸುವ ಹಕ್ಕು ಪೋಪರ ಶಾಸನಗಳಿಂದ ಪೋರ್ಚುಗಲ್ಲಿನ ದೊರೆಗೆ ದೊರೆತಿತ್ತು. ಇದಕ್ಕೆ ಪಾದ್ರುವಾದೊ ಎಂದು ಹೆಸರು. 1622ರಲ್ಲಿ ರೋಮಿನಲ್ಲಿ ಪ್ರೊಪಗಾಂಡ ಎಂಬ ಹೊಸ ಇಲಾಖೆ ಸ್ಥಾಪನೆಯಾಗಿ, ಪೋಪರು ನೇರವಾಗಿ ತಮ್ಮ ಪ್ರತಿನಿಧಿಗಳನ್ನು ಕಳುಹಿಸತೊಡಗಿದರು. ಒಂದೇ ಊರಿಗೆ ಇಬ್ಬರು ಅಧಿಕಾರಿಗಳು, ಒಂದೇ ಹಿಂಡಿಗೆ ಇಬ್ಬರು ಕುರುಬರು ಎಂಬಂತಾಯಿತು.

ಇದರೊಡನೆ ಜನಾಂಗದ ಮದವೂ ಸೇರಿಕೊಂಡಿತ್ತು. ಗೋವೆಯ ದಿವಾಡಿ ದ್ವೀಪದ ಮತೆವುಸ್ ದ ಕಾಸ್ತ್ರೊ ಎಂಬ ಸ್ಥಳೀಯ ಯುವಕನಿಗೆ ಗೋವೆಯಲ್ಲಿ ಪಾದ್ರಿಯ ದೀಕ್ಷೆ ದೊರೆಯಲಿಲ್ಲ. ಅವನು ರೋಮಿಗೆ ಹೋಗಿ ಓದಿ, ಅಲ್ಲಿಯೇ ದೀಕ್ಷೆ ಪಡೆದು, 1637ರಲ್ಲಿ ಬಿಷಪನೂ ಆದನು. ಅವನ ಸಂಬಂಧಿ ಥೋಮಸ್ ದ ಕಾಸ್ತ್ರೊ ಅವರನ್ನು 1675ರಲ್ಲಿ ಪೋಪರು ಕನ್ನಡ ಕರಾವಳಿಗೆ ನೇಮಿಸಿದರು. ಅವರು ಮಂಗಳೂರಿನಲ್ಲಿ ನೆಲೆಸಿದರು. ಗೋವೆಯ ಆರ್ಚ್‌ಬಿಷಪರು ಈ ನೇಮಕವನ್ನು ಒಪ್ಪಲಿಲ್ಲ. ಅವರಿಗೆ ವಿಧೇಯರಾಗಕೂಡದೆಂದು ಭಕ್ತರಿಗೆ ಅಪ್ಪಣೆ ಮಾಡಿದರು. ಇತ್ತ ಬಿಷಪರ ಪಕ್ಷ, ಅತ್ತ ಗೋವೆಯ ಪಕ್ಷ ಎಂದು ಸಮಾಜವು ಎರಡಾಯಿತು. ಒಬ್ಬರ ಪಕ್ಷದವರು ಮಾಡಿಸಿದ ಸಂಸ್ಕಾರಗಳು ಸಿಂಧುವಲ್ಲವೆಂದು ಇನ್ನೊಬ್ಬರ ಪಕ್ಷದವರು ಹೇಳುವಂತಾದಾಗ, ಮಗುವಿನ ಜ್ಞಾನಸ್ನಾನಕ್ಕೂ ಮಗಳ ಮದುವೆಗೂ ಯಾರ ಬಳಿ ಹೋಗಬೇಕೆಂಬುದು ಸಾಮಾನ್ಯ ಗೃಹಸ್ಥನ ಸಂಕಟವಾಯಿತು. ದೊಡ್ಡವರ ಮಾನದ ಪ್ರಶ್ನೆಗೆ ಬೆಲೆ ತೆರುವವರು ಯಾವಾಗಲೂ ಚಿಕ್ಕವರೇ.

ಈ ಸನ್ನಿವೇಶದಲ್ಲಿ 1681ರಲ್ಲಿ ಗೋವೆಯಿಂದ ಕರಾವಳಿಗೆ ಬಂದವರು ಜೋಸೆಫ್ ವಾಜ್ ಎಂಬ ಮೂವತ್ತು ವರ್ಷದ ಪಾದ್ರಿ. 1651ರ ಏಪ್ರಿಲ್ 21ರಂದು ಗೋವೆಯ ಬೆನವಲಿಯಲ್ಲಿ ಜನಿಸಿದ ಇವರು ಸಾರಸ್ವತ ಬ್ರಾಹ್ಮಣ ಮೂಲದ ಕ್ರೈಸ್ತ ಕುಟುಂಬದವರು. 1677ರ ಆಗಸ್ಟ್ 5ರಂದು ತಾನು ಮಾತೆ ಮರಿಯಳ ಜೀತದಾಳು ಎಂದು ಪತ್ರ ಬರೆದು ಸಹಿ ಹಾಕಿದವರು. ಕುಲದ ಹೆಮ್ಮೆಯು ಮತಾಂತರದ ನಂತರವೂ ಗಟ್ಟಿಯಾಗಿ ಉಳಿದಿದ್ದ ಸಮಾಜದಲ್ಲಿ ತನ್ನನ್ನು ದಾಸನೆಂದು ಬರೆದುಕೊಳ್ಳುವುದು ಸಣ್ಣ ಸಂಗತಿಯಲ್ಲ.

ವಾಜ್ ಅವರನ್ನು ಕಳುಹಿಸಿದ್ದು ಗೋವೆಯ ಪಕ್ಷ. ಗೋವೆಯ ಅಧಿಕಾರವನ್ನು ಎತ್ತಿಹಿಡಿಯುವುದೇ ಅವರ ಕರ್ತವ್ಯವೆಂದು ಎಲ್ಲರೂ ಭಾವಿಸಿದ್ದರು. ಅವರು ಮಂಗಳೂರಿಗೆ ಹೋಗಿ, ಎದುರು ಪಕ್ಷದ ಬಿಷಪರ ಮುಂದೆ ಮಂಡಿಯೂರಿ ಅವರ ಕೈಯ ಉಂಗುರಕ್ಕೆ ಮುತ್ತಿಟ್ಟರು. ಆಮೇಲೆ ನೇಮಕದ ಪತ್ರವನ್ನು ತೋರಿಸಬೇಕೆಂದು ವಿನಂತಿಸಿದರು. ಬಿಷಪರು ಪೋಪರ ಪತ್ರವನ್ನು ತೋರಿಸಿದರು. ಪತ್ರವನ್ನು ಕಂಡ ವಾಜ್ ಅವರು ಬಿಷಪರ ಪದವಿಯನ್ನು ಮನ್ನಿಸಿದರು. ರೋಮಿನಿಂದ ಅಂತಿಮ ತೀರ್ಮಾನ ಬರುವವರೆಗೆ ಬಿಷಪರು ತಮ್ಮ ಅಧಿಕಾರವನ್ನು ತಮಗೆ ವಹಿಸಿಕೊಡಬೇಕೆಂದು ಕೇಳಿಕೊಂಡರು. ಇದರಿಂದ ವಾಜ್ ಅವರು ನಡೆಸಿದ ಸಂಸ್ಕಾರವು ಎರಡು ಪಕ್ಷಗಳ ದೃಷ್ಟಿಯಲ್ಲಿಯೂ ಸಿಂಧುವಾಯಿತು. ಗೋವೆಯ ಆರ್ಚ್‌ಬಿಷಪರಿಗೂ ಕೇವಲ ಪ್ರತಿಭಟನೆಯನ್ನು ದಾಖಲಿಸಿ ತೀರ್ಪಿಗೆ ಕಾಯುವಂತೆ ಒಡಂಬಡಿಸಿದರು.

ಈ ಉಪಾಯವನ್ನು ವ್ಯವಹಾರ ಬಲ್ಲವರು ಸೂಕ್ಷ್ಮವಾಗಿ ಗಮನಿಸಬೇಕು. ವಾಜ್ ಅವರು ಯಾರ ಹಕ್ಕನ್ನೂ ಬಿಟ್ಟುಕೊಡಲಿಲ್ಲ, ಯಾರ ಹಕ್ಕನ್ನೂ ಕಿತ್ತುಕೊಳ್ಳಲಿಲ್ಲ. ಪತ್ರವನ್ನು ನೋಡದೆ ಒಪ್ಪಲಿಲ್ಲ. ನೋಡಿದ ಮೇಲೆ ಹಟ ಹಿಡಿಯಲಿಲ್ಲ. ಅವರು ಬಿಟ್ಟದ್ದು ಒಂದನ್ನೇ, ತನ್ನ ಪಕ್ಷ ಗೆದ್ದಿತೆಂದು ಹೇಳಿಕೊಳ್ಳುವ ಸಂತೋಷವನ್ನು. ವಿನಯವೆಂದರೆ ದೈನ್ಯವಲ್ಲ, ಬುದ್ಧಿಹೀನತೆಯೂ ಅಲ್ಲ. ಮಂಡಿಯೂರಿದ ಪಾದ್ರಿಯು ಬಿಗುಮಾನದ ಯಾವ ದೂತನೂ ಸಾಧಿಸಲಾರದ ಕಾರ್ಯವನ್ನು ಸಾಧಿಸಿದನು.

1681ರಿಂದ 1684ರವರೆಗೆ ಅವರು ಈ ಕರಾವಳಿಯ ಬಂದರುಗಳಲ್ಲೂ ಹಳ್ಳಿಗಳಲ್ಲೂ ಸಂಚರಿಸಿದರು. ಹಾಳಾದ ಚರ್ಚುಗಳನ್ನು ಎತ್ತಿ ನಿಲ್ಲಿಸಿದರು, ಶಾಲೆಗಳನ್ನು ತೆರೆದರು, ರೋಗಿಗಳನ್ನು ಕಂಡರು. ದಕ್ಷಿಣ ಕನ್ನಡದ ಮುಡಿಪು ಗುಡ್ಡದಲ್ಲಿ ಅವರು ಮಂಡಿಯೂರಿದ ಸ್ಥಳದಲ್ಲಿ ನೀರು ಚಿಮ್ಮಿತೆಂಬ ಐತಿಹ್ಯ ಇಂದಿಗೂ ಪ್ರಚಲಿತವಾಗಿದೆ. ಅಲ್ಲಿ ಅವರ ಹೆಸರಿನ ಕ್ಷೇತ್ರವಿದೆ.

ಮುಂದೆ ಅವರು ಸಿಂಹಳ ದ್ವೀಪಕ್ಕೆ ಹೋದರು. ಅಲ್ಲಿ ಡಚ್ಚರು ಕೆಥೊಲಿಕ್ ಪಾದ್ರಿಗಳನ್ನು ನಿಷೇಧಿಸಿದ್ದರಿಂದ 1687ರಲ್ಲಿ ಬಡ ಕೂಲಿಯವನ ವೇಷದಲ್ಲಿ ಜಾಫ್ನಾ ಸೇರಿದರು. ಕ್ಯಾಂಡಿಯ ಬೌದ್ಧ ಅರಸನು ಮೊದಲು ಅವರನ್ನು ಪೋರ್ಚುಗೀಸರ ಗೂಢಚಾರನೆಂದು ಸೆರೆಯಲ್ಲಿಟ್ಟನು. ನಡತೆಯನ್ನು ಕಂಡ ಮೇಲೆ ರಕ್ಷಣೆ ಕೊಟ್ಟನು. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿ ಜನರು ತಮ್ಮವರನ್ನೇ ಬಿಟ್ಟು ಓಡಿದಾಗ, ವಾಜ್ ಅವರು ಮತಭೇದವೆಣಿಸದೆ ರೋಗಿಗಳ ಶುಶ್ರೂಷೆ ಮಾಡಿದರು. ಬಿಷಪರ ಪದವಿಯ ಸೂಚನೆ ಬಂದಾಗ ನಿರಾಕರಿಸಿದರು. 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ತೀರಿಕೊಂಡರು. 2015ರ ಜನವರಿ 14ರಂದು ಕೊಲಂಬೊದಲ್ಲಿ ಅಂದಿನ ಪೋಪ್ ಫ್ರಾನ್ಸಿಸರು ಅವರನ್ನು ಸಂತರೆಂದು ಘೋಷಿಸಿದರು. ಅವರು ಮಂಡಿಯೂರಿದ ಕಾಲದಿಂದ ಈ ಘೋಷಣೆಗೆ 330ಕ್ಕೂ ಹೆಚ್ಚು ವರ್ಷಗಳ ಅಂತರ.

ಜಗಳವು ಮಾತ್ರ ವಾಜ್ ಅವರೊಡನೆ ಮುಗಿಯಲಿಲ್ಲ. ಪಾದ್ರುವಾದೊ ಮತ್ತು ಪ್ರೊಪಗಾಂಡ ಪಕ್ಷಗಳ ತಿಕ್ಕಾಟ ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ನಡೆಯಿತು. 1886ರಲ್ಲಿ ಮಂಗಳೂರು ಪ್ರತ್ಯೇಕ ಧರ್ಮಪ್ರಾಂತವಾಯಿತು. ಉತ್ತರ ಕನ್ನಡದ ಚರ್ಚುಗಳು ಗೋವೆಗೆ ಸೇರಿಯೇ ಉಳಿದು, 1953ರಲ್ಲಿ ಬೆಳಗಾವಿ ಧರ್ಮಪ್ರಾಂತಕ್ಕೂ 1976ರಲ್ಲಿ ಕಾರವಾರ ಧರ್ಮಪ್ರಾಂತಕ್ಕೂ ಸೇರಿದವು. ಒಬ್ಬ ವ್ಯಕ್ತಿಯ ವಿನಯವು ಸಂಸ್ಥೆಯ ಮಾನವನ್ನು ಕರಗಿಸಲಾರದು. ಆದರೆ ಆ ವ್ಯಕ್ತಿ ಇರುವಷ್ಟು ಕಾಲ, ಅವನು ಇರುವಷ್ಟು ಸ್ಥಳದಲ್ಲಿ, ಸಾಮಾನ್ಯ ಜನರು ನೆಮ್ಮದಿಯಿಂದ ಬದುಕಬಹುದು. ಒಂದು ಮಗುವಿಗೆ ಸಂದೇಹವಿಲ್ಲದೆ ಹೆಸರಿಡಬಹುದು, ಒಂದು ಮದುವೆ ವಿವಾದವಿಲ್ಲದೆ ನಡೆಯಬಹುದು. ಇದು ಅಲ್ಪ ಲಾಭವಲ್ಲ.

ಸೂಕ್ಷ್ಮವಾದ ಅಹಂಕಾರ

ಕುಮಟಾ ಮತ್ತು ಹೊನ್ನಾವರಗಳ ನಡುವಿನ ಚಂದಾವರದಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರರ ಚರ್ಚು ಇದೆ. ಡಿಸೆಂಬರ್ 3ರ ವಾರ್ಷಿಕ ಹಬ್ಬಕ್ಕೆ ಕ್ರೈಸ್ತರಲ್ಲದವರೂ ಹರಕೆ ಹೊತ್ತು ಬರುತ್ತಾರೆ. ಕೋಟೆಗಳೂ ಬಿರುದುಗಳೂ ಅಳಿದುಹೋದ ಈ ನಾಡಿನಲ್ಲಿ ಜನರ ಮನಸ್ಸಿನಲ್ಲಿ ನಿಂತದ್ದು ಆಸ್ಪತ್ರೆಯಲ್ಲಿ ಬಿಡಾರ ಮಾಡಿದವನ ನೆನಪೇ ಹೊರತು ಪಟ್ಟಣ ಸುಟ್ಟವನದಲ್ಲ. ಮಾರ್ತಿಂ ಅಫೋನ್ಸೊ ದ ಸೋಜನ ಹೆಸರನ್ನು ಇಂದು ಭಟ್ಕಳದಲ್ಲಿ ಯಾರೂ ಹೇಳುವುದಿಲ್ಲ.

ಕ್ರೈಸ್ತ ಸಾಧಕರು ಇನ್ನೊಂದು ಎಚ್ಚರಿಕೆಯನ್ನೂ ಕೊಟ್ಟಿದ್ದಾರೆ. ಹನ್ನೆರಡನೆಯ ಶತಮಾನದ ಸಂತ ಬರ್ನಾರ್ಡರು ಬೆನೆಡಿಕ್ಟರ ವಿನಯದ 12 ಮೆಟ್ಟಿಲುಗಳನ್ನು ವಿವರಿಸಲು ಹೊರಟು, ಅಹಂಕಾರದ 12 ಮೆಟ್ಟಿಲುಗಳನ್ನೇ ವರ್ಣಿಸಿದರು. ಹತ್ತುವ ಮೆಟ್ಟಿಲುಗಳೇ ಇಳಿಯುವ ಮೆಟ್ಟಿಲುಗಳೂ ಹೌದು. ತನ್ನ ತಪ್ಪನ್ನು ದೊಡ್ಡದಾಗಿ ಹೇಳಿಕೊಂಡು ತಾನೆಷ್ಟು ವಿನಯಿ ಎಂದು ತೋರಿಸುವ ಸಂನ್ಯಾಸಿಯನ್ನೂ ಅವರು ಆ ಪಟ್ಟಿಯಲ್ಲಿ ಸೇರಿಸಿದ್ದಾರೆ. ಸಮಂತಭದ್ರಾಚಾರ್ಯರು ಹೇಳಿದ ಅಷ್ಟಮದಗಳಲ್ಲಿ ಕುಲ, ಜಾತಿ, ಬಲ, ಐಶ್ವರ್ಯಗಳ ಮದದೊಡನೆ ಜ್ಞಾನದ ಮದವೂ ತಪಸ್ಸಿನ ಮದವೂ ಪೂಜೆಯ ಮದವೂ ಇರುವುದು ಇದೇ ಕಾರಣದಿಂದ. ಪುಣ್ಯಕಾರ್ಯವೇ ಮದಕ್ಕೆ ಆಹಾರವಾಗಬಹುದು.

ಧರ್ಮಸಂಸ್ಥೆಗಳ ಆಡಳಿತದಲ್ಲಿ ಈ ಮಾತಿಗೆ ನಿತ್ಯದ ಉಪಯೋಗವಿದೆ. ಅಭಿಷೇಕದ ಮೊದಲ ಕಲಶ ಯಾರದು, ಸವಾಲಿನಲ್ಲಿ ಯಾರ ಹೆಸರು ಮೊದಲು ಕೂಗಬೇಕು, ಅಮೃತಶಿಲೆಯ ಫಲಕದಲ್ಲಿ ಯಾರ ಅಕ್ಷರ ದೊಡ್ಡದು, ವೇದಿಕೆಯ ಮೇಲೆ ಯಾರಿಗೆ ಎಷ್ಟನೆಯ ಕುರ್ಚಿ ಎಂಬ ಪ್ರಶ್ನೆಗಳು ಯಾವ ಮತದ ಟ್ರಸ್ಟನ್ನೂ ಬಿಟ್ಟಿಲ್ಲ. ಚರ್ಚಿನ ಬೆಂಚುಗಳ ಮೇಲೂ ದಾನಿಗಳ ಹೆಸರುಗಳಿವೆ, ಬಸದಿಯ ಮೆಟ್ಟಿಲುಗಳ ಮೇಲೂ ಇವೆ. ದಾನಿಯ ಹೆಸರನ್ನು ಬರೆಯುವುದು ತಪ್ಪಲ್ಲ. ನಮ್ಮ ಶಾಸನಗಳಲ್ಲಿಯೂ ಅದು ಇದೆ, ಲೆಕ್ಕಕ್ಕೂ ಬೇಕು. ಹೆಸರಿಗಾಗಿ ಸಂಘವು ಎರಡಾಗುವುದು ತಪ್ಪು. ಎರಡು ಆಡಳಿತ ಮಂಡಳಿಗಳು ಒಂದೇ ದೇವಾಲಯದ ಬೀಗದ ಕೈಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದಾಗ ಒಳಗೆ ನಿತ್ಯಪೂಜೆ ನಿಲ್ಲುತ್ತದೆ. ಹೊರಗೆ ನಿಲ್ಲುವವರು ಹಬ್ಬದ ದಿನ ಮಕ್ಕಳನ್ನು ಕರೆದುಕೊಂಡು ಬಂದ ಬಡ ಕುಟುಂಬದವರು.

ಅಂಥ ಸಂದರ್ಭಗಳಲ್ಲಿ ವಾಜ್ ಅವರ ಮೂರು ಹೆಜ್ಜೆಗಳನ್ನು ಯಾವ ಸಂಸ್ಥೆಯೂ ಅನುಸರಿಸಬಹುದು. ಮೊದಲು ಎದುರು ಪಕ್ಷದವರಿಗೆ ಅವರ ಸ್ಥಾನಕ್ಕೆ ಸಲ್ಲುವ ಗೌರವವನ್ನು ಸಲ್ಲಿಸುವುದು. ಎರಡನೆಯದಾಗಿ ಕಾಗದಪತ್ರಗಳನ್ನು ಶಾಂತವಾಗಿ ಕೇಳಿ ನೋಡುವುದು. ಮೂರನೆಯದಾಗಿ ಅಂತಿಮ ತೀರ್ಮಾನ ಬರುವವರೆಗೆ ಭಕ್ತರ ಕಾರ್ಯ ನಿಲ್ಲದಂತೆ ಒಂದು ಏರ್ಪಾಡನ್ನು ಮಾಡುವುದು. ಇದಕ್ಕೆ ಹಣ ಬೇಕಾಗಿಲ್ಲ, ಪಾಂಡಿತ್ಯವೂ ಬೇಕಾಗಿಲ್ಲ. ಮೊದಲು ಬಾಗುವವನು ಸೋತವನೆಂಬ ಭ್ರಮೆಯನ್ನು ಬಿಟ್ಟರೆ ಸಾಕು. ಆ ಭ್ರಮೆಯನ್ನು ಬಿಡಲಾರದೆ ಶರಾವತಿಯ ದಡದಲ್ಲಿ ಎಷ್ಟು ಪಟ್ಟಣಗಳು ಬೂದಿಯಾದವು, ಎಷ್ಟು ಕುಟುಂಬಗಳು ನೊಂದವು ಎಂಬುದನ್ನು ಧರ್ಮಸಂಸ್ಥೆಗಳ ಹೊಣೆ ಹೊತ್ತ ಶ್ರಾವಕ ಬಂಧುಗಳು ತಮ್ಮ ಮುಂದಿನ ಸಭೆಗೆ ಕುಳಿತುಕೊಳ್ಳುವ ಮೊದಲು ಒಮ್ಮೆ ನೆನೆಯುವುದು ಉಚಿತ.